ಒಸಡಿನ ರಕ್ತ, ಬಿಡದ ಸುಸ್ತು

ಪ್ರಶ್ನೆ: ನನಗೆ 52 ವರ್ಷ, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಕೋವಿಡ್ ವಾಸಿಯಾಗಿ ಆರು ತಿಂಗಳಾದರೂ ಸುಸ್ತು ಬಿಟ್ಟಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಹಲ್ಲುಜ್ಜುವಾಗ ಒಸಡಿನಿಂದ ರಕ್ತವೂ ಬರುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳೇ ಸುಸ್ತಿಗೆ ಕಾರಣವೆಂದು ಪರಿಚಿತರೊಬ್ಬರು ಹೇಳಿದ್ದರಿಂದ ದಿನಕ್ಕೆ ನಾಲ್ಕು ಸಲ ಮೌತ್‌ವಾಶ್‌ನಿಂದ ಮುಕ್ಕಳಿಸುತ್ತಿದ್ದೇನೆ. ಇದು ಸರಿಯೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೌತ್‌ವಾಶ್ ಬಳಕೆಯನ್ನು ಇಂದೇ ಕಡಿಮೆ ಮಾಡಿ. ಬಾಯಿಯಲ್ಲಿ ಇರಬಹುದಾದ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕೆಲವಂತೂ ಸೊಪ್ಪು, ಬೀಟ್‌ರೂಟ್‌ಗಳಲ್ಲಿರುವ ನೈಟ್ರೇಟನ್ನು ಮಾರ್ಪಡಿಸಿ ರಕ್ತದೊತ್ತಡವನ್ನು ಹತೋಟಿಯಲ್ಲಿಡಲು ನೆರವಾಗುತ್ತವೆ. ಕೆಲವು ಮೌತ್‌ವಾಶ್‌ಗಳಲ್ಲಿರುವ ಕ್ಲೋರ್‌ಹೆಕ್ಸಿಡಿನ್‌ನಂಥ ಕ್ರಿಮಿನಾಶಕ ಇವನ್ನೂ ಕೊಲ್ಲುತ್ತದೆ, ಹಲ್ಲಿಗೆ ಕಂದು ಕಲೆಯನ್ನೂ ತರುತ್ತದೆ.

ನಿಮ್ಮ ಪರಿಚಿತರ ಮಾತು ಪೂರ್ತಿ ಸುಳ್ಳಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕೋವಿಡ್ ಲಕ್ಷಣಗಳು ದೀರ್ಘಕಾಲ ಉಳಿದವರ ಬಾಯಿಯಲ್ಲಿ ಪ್ರಿವೊಟೆಲ್ಲಾ, ವೀಲೊನೆಲ್ಲಾದಂಥ, ಉರಿಯೂತದೊಂದಿಗೆ ನಂಟಿರುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿದ್ದವು. ಅದೇ ವರ್ಷ ಕತಾರ್‌ನಲ್ಲಿ 568 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಒಸಡಿನ ಆಳದ ಕಾಯಿಲೆಯಾದ ಪೆರಿಯೊಡಾಂಟೈಟಿಸ್ ಇದ್ದವರಲ್ಲಿ ಕೋವಿಡ್ ತೀವ್ರಗೊಂಡದ್ದು ಹೆಚ್ಚೆಂದು ಕಂಡುಬಂತು. ಊದಿಕೊಂಡ ಒಸಡಿನ ಸಂದುಗಳಿಂದ ಬ್ಯಾಕ್ಟೀರಿಯಾಗಳೂ ಉರಿಯೂತದ ರಾಸಾಯನಿಕಗಳೂ ರಕ್ತಕ್ಕೆ ಸೇರಬಲ್ಲವು. ನಿದ್ದೆಯಲ್ಲಿ ಜೊಲ್ಲಿನ ಜೊತೆ ಶ್ವಾಸಕೋಶಕ್ಕೂ ಇಳಿಯಬಲ್ಲವು. ಆದರೆ ಕಾಯಿಲೆ ಬಿದ್ದವರು ಸರಿಯಾಗಿ ಹಲ್ಲುಜ್ಜುವುದಿಲ್ಲ, ಬಾಯಿ ಒಣಗುತ್ತದೆ, ಆಂಟಿಬಯಾಟಿಕ್ ನುಂಗಿರುತ್ತಾರೆ. ಬಾಯಿಯ ಬದಲಾವಣೆ ಸುಸ್ತಿಗೆ ಕಾರಣವೋ ಅಥವಾ ಕಾಯಿಲೆಯ ಫಲವೋ ಎಂಬುದನ್ನು ಇಂಥ ಅಧ್ಯಯನಗಳು ಬಿಡಿಸಿ ಹೇಳಲಾರವು. ಅಂದಹಾಗೆ, ಮೇಲೆ ಹೆಸರಿಸಿದ ಎರಡೂ ಬ್ಯಾಕ್ಟೀರಿಯಾಗಳು ಆರೋಗ್ಯವಂತರ ಬಾಯಿಯಲ್ಲೂ ಇರುತ್ತವೆ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಸಕ್ಕರೆ ಕಾಯಿಲೆ. ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಒಸಡಿಗೆ ಸರಿಯಾದ ಚಿಕಿತ್ಸೆಯಾದ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತಿಳಿಸುವ ರಕ್ತಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಸುಸ್ತು ಹೋಗಲಿ ಬಿಡಲಿ, ಒಸಡಿನ ತಜ್ಞರಿಗೆ ತೋರಿಸಿ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೂ ಈ ಚಿಕಿತ್ಸೆ ದೊರೆಯುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂದು ನಂಬಿ ದೂರ ಉಳಿಯುವವರು ನಮ್ಮಲ್ಲಿ ಬಹಳ. ಹಲ್ಲನ್ನು ಸಡಿಲಿಸಿರುವುದು ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕಿಟ್ಟದ ಕೆಳಗೆ ಕರಗಿದ ಮೂಳೆಯೇ ಹೊರತು ಕ್ಲೀನಿಂಗ್ ಅಲ್ಲ.

ಏದುಸಿರನ್ನು ಮಾತ್ರ ಬಾಯಿಯ ಲೆಕ್ಕಕ್ಕೆ ಹಾಕಿ ಕೂರಬೇಡಿ. ಹೃದಯ, ಶ್ವಾಸಕೋಶ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗಳನ್ನು ವೈದ್ಯರ ಸಲಹೆಯಂತೆ ಈ ವಾರವೇ ಮಾಡಿಸಿ. ಕೋವಿಡ್ ನಂತರ ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ದಂತವೈದ್ಯರಿಗೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.