ರೋಯಿಂಗ್ ಕ್ಲಬ್ ಸೇರುವ ಮುಂಚೆ ಜಿಮ್‌ನಲ್ಲಿ ತಯಾರಿ ಬೇಕಾ?

ಎಡಿನ್‌ಬರಾಗೆ ಬಂದು ಒಂದು ವರ್ಷ, ವಯಸ್ಸು 42, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಈಜು ಅಷ್ಟಕ್ಕಷ್ಟೆ. ಸಮುದ್ರದಲ್ಲಿ ದೋಣಿ ನಡೆಸುವ ಊರಿನ ಕ್ಲಬ್ ಸೇರುವ ಆಸೆ ಇದೆ, ಅದಕ್ಕೆ ಮುಂಚೆ ಆರು ತಿಂಗಳು ಜಿಮ್‌ನ ರೋಯಿಂಗ್ ಮೆಷಿನ್ ಮೇಲೆ ಪಳಗಿಕೊಳ್ಳಲಾ ಎಂದು ಕೇಳಿದ್ದೀರಿ. ಬೇಡ. ಈ ವಾರವೇ ಹೋಗಿ ಸೇರಿ. ನೀವು ಮಾಡಬೇಕು ಅಂದುಕೊಂಡಿರುವುದನ್ನೇ ನಾನು ಮಾಡಿದ್ದೆ. ಒಂದು ಇಡೀ ಬೇಸಿಗೆ ಕಳೆದುಕೊಂಡೆ.

ನಾನು ತಿಪಟೂರಿನವನು. ಸಮುದ್ರ ಎಂದರೆ ಶಾಲೆ ಪ್ರವಾಸದಲ್ಲಿ ಮುರುಡೇಶ್ವರದಲ್ಲಿ ಕಂಡಿದ್ದು, ಅಷ್ಟೇ. ಇಲ್ಲಿಗೆ ಬಂದ ಮೇಲೆ ಭಾನುವಾರ ಊರಿನ ಪಕ್ಕದ ಕೊಲ್ಲಿ ಫರ್ತ್ ಆಫ್ ಫೋರ್ತ್‌ನ ದಡದಲ್ಲಿ ನಡೆಯಲು ಹೋಗುತ್ತಿದ್ದೆ. ಅಲ್ಲಿ ಒಂದು ಮರದ ದೋಣಿ ಕಣ್ಣಿಗೆ ಬೀಳುತ್ತಿತ್ತು. ಎರಡೂ ತುದಿ ಚೂಪು, ನಾಲ್ಕು ಜನ ಹುಟ್ಟು ಹಾಕುತ್ತಿದ್ದರು, ಹಿಂದೆ ಒಬ್ಬರು ಚುಕ್ಕಾಣಿ ಹಿಡಿದು ಕೂಗಿ ಹೇಳುತ್ತಿದ್ದರು. ದಡಕ್ಕೆ ಬಂದು ಇಳಿದಾಗ ನೋಡಿದರೆ ಆ ನಾಲ್ವರಲ್ಲಿ ಇಬ್ಬರಿಗೆ ನನ್ನ ಅಮ್ಮನ ವಯಸ್ಸು. ಕೆನ್ನೆ ಕೆಂಪಾಗಿತ್ತು, ಪ್ಯಾಂಟ್ ಮಂಡಿಯವರೆಗೆ ಒದ್ದೆ, ಮುಖದ ತುಂಬ ನಗು. ಅಲ್ಲೇ ನನ್ನ ಮನಸ್ಸು ಹೋಯಿತು. ಮಾತಾಡಿಸಲು ಮಾತ್ರ ನಾಚಿಕೆ. ಅವರೆಲ್ಲ ಇಷ್ಟು ಗಟ್ಟಿ ಇದ್ದಾರೆ, ನಾನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವನು, ಮೊದಲು ಮೈ ಹುರಿ ಮಾಡಿಕೊಂಡು ಆಮೇಲೆ ಹೋಗೋಣ ಅಂದುಕೊಂಡೆ.

ಆ ಚಳಿಗಾಲವೆಲ್ಲ ಜಿಮ್‌ನಲ್ಲಿ ಕಳೆಯಿತು. ಮೆಷಿನ್‌ನಲ್ಲಿ ಸೀಟು ಕಂಬಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಕಾಲಲ್ಲಿ ಒದ್ದರೆ ಮೈ ಹಿಂದಕ್ಕೆ ಹೋಗುತ್ತದೆ, ಹಿಡಿಕೆ ಎದೆಯ ನಡುವಿಗೆ ಬರುತ್ತದೆ, ಎರಡೂ ಕೈಗೆ ಸಮ ಕೆಲಸ. ಜೋರಾಗಿ ಎಳೆದಷ್ಟೂ ಪರದೆ ಮೇಲಿನ ಅಂಕಿ ಚೆನ್ನಾಗಿ ಬರುತ್ತದೆ. ನನ್ನ ಅಂಕಿಗಳು ಚೆನ್ನಾಗಿಯೇ ಬಂದವು. ತೋಳು ತುಂಬಿಕೊಂಡಿತು, ಏದುಸಿರು ನಿಂತಿತು. ವಸಂತದಲ್ಲಿ ಧೈರ್ಯವಾಗಿ ಕ್ಲಬ್‌ಗೆ ಹೋದೆ.

ಅಲ್ಲಿಯ ದೋಣಿಗೆ ಸೇಂಟ್ ಏಲ್ಸ್ ಸ್ಕಿಫ್ ಎಂದು ಹೆಸರು. 22 ಅಡಿ ಉದ್ದ. ಅದರ ಸೀಟು ಜಾರುವುದೇ ಇಲ್ಲ! ಅಡ್ಡಕ್ಕೆ ಕೂರಿಸಿದ ಮರದ ಹಲಗೆ ಅದು. ಕಾಲಿಗೆ ಒಂದು ಪಟ್ಟಿ, ಪಾದ ಒತ್ತಿ ಹಿಡಿಯಲು. ಒಬ್ಬೊಬ್ಬರಿಗೂ ಒಂದೇ ಹುಟ್ಟು, ಒಬ್ಬರದು ಎಡಕ್ಕೆ, ಮುಂದಿನವರದು ಬಲಕ್ಕೆ. ಹುಟ್ಟು ಎರಡಾಳುದ್ದಕ್ಕಿಂತ ಜಾಸ್ತಿ. ದೋಣಿಯ ಅಂಚಿನಲ್ಲಿ ಒಂದು ಗೂಟ, ಹುಟ್ಟಿಗೆ ಹೊಡೆದ ತೂತಿನ ಪಟ್ಟಿ ಅದರ ಮೇಲೆ ಕೂರುತ್ತದೆ. ಎಳೆಯುವಾಗ ಕಿರ್ ಅನ್ನುತ್ತದೆ, ಆ ಸದ್ದು ನಾಲ್ಕೂ ಗೂಟದಿಂದ ಒಟ್ಟಿಗೆ ಬಂದರೆ ದೋಣಿ ಸರಿಯಾಗಿ ಓಡುತ್ತಿದೆ ಎಂದು ಅರ್ಥ. ಮಂಡಿ ಮಡಿಸಿ ಒದೆಯುವುದಕ್ಕೆ ಇಲ್ಲಿ ಜಾಗವಿಲ್ಲ. ಸೊಂಟದಿಂದ ಮುಂದಕ್ಕೆ ಬಾಗಬೇಕು, ಹುಟ್ಟಿನ ಅಲಗನ್ನು ನೀರಿಗೆ ಬಿಡಬೇಕು, ಆಮೇಲೆ ಮೈಭಾರವನ್ನೇ ಹಿಂದಕ್ಕೆ ಹಾಕಬೇಕು. ತೋಳಿನ ಕೆಲಸ ಕಡೆಗೆ, ಅದೂ ಸ್ವಲ್ಪ.

ನಾನು ಕಲಿತು ಬಂದಿದ್ದೆಲ್ಲ ಇದಕ್ಕೆ ತಿರುಗುಮುರುಗು. ತೋಳಿನಲ್ಲಿ ಶಕ್ತಿ ಇದೆಯಲ್ಲ ಎಂದು ಎಳೆದೆ. ಒಬ್ಬ ಜೋರಾಗಿ ಎಳೆದರೆ ದೋಣಿಯ ಮೂತಿ ತಿರುಗುತ್ತದೆ. ಹಿಂದೆ ಕೂತ ಕಾಕ್ಸ್ ಅದನ್ನು ಚುಕ್ಕಾಣಿಯಿಂದ ಸರಿಪಡಿಸಬೇಕು, ಚುಕ್ಕಾಣಿ ತಿರುಗಿಸಿದರೆ ವೇಗ ಸಾಯುತ್ತದೆ. ಕೋಲಾಟದಲ್ಲಿ ಒಬ್ಬ ಮುಂಚೆ ಹೊಡೆದರೆ ಸುತ್ತಿನವರ ತಾಳವೆಲ್ಲ ಕೆಡುತ್ತದಲ್ಲ, ಹಾಗೆ. ಸ್ಟ್ರೋಕ್ ಸೀಟಿನಲ್ಲಿ, ಅಂದರೆ ಕಾಕ್ಸ್‌ಗೆ ಹತ್ತಿರ ಕೂತವರು ತಾಳ ಕೊಡುತ್ತಾರೆ. ಮಿಕ್ಕವರು ಅವರ ಬೆನ್ನು ನೋಡಿಕೊಂಡು ಎಳೆಯಬೇಕು. ನಾನೋ ನನ್ನ ಹುಟ್ಟಿನ ತುದಿಯನ್ನೇ ನೋಡುತ್ತಿದ್ದೆ.

ಇಷ್ಟರಲ್ಲಿ ನಿಂತಿದ್ದರೆ ಸರಿಹೋಗುತ್ತಿತ್ತು. ಹೊಸಬರೆಲ್ಲ ಹಾಗೇ ಮಾಡುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನಗೆ ಪೆಟ್ಟು ಕೊಟ್ಟಿದ್ದು ಹಿಡಿತ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಕಂಪ್ಯೂಟರ್ ಕೆಲಸದವರು, ಮಣಿಕಟ್ಟು ಮೊದಲೇ ದಣಿದಿರುತ್ತದೆ.

ಮೆಷಿನ್‌ನ ಹಿಡಿಕೆಯನ್ನು ವಾಪಸ್ ಒಯ್ಯುವುದು ಸರಪಳಿ. ಹೇಗೆ ಹಿಡಿದರೂ ನಡೆಯುತ್ತದೆ. ಸಮುದ್ರದಲ್ಲಿ ಹುಟ್ಟನ್ನು ನೀವೇ ನೀರಿನಿಂದ ಎತ್ತಿ, ಅಲೆಯ ಮೇಲಿಂದ ದಾಟಿಸಿ, ಮತ್ತೆ ಇಳಿಸಬೇಕು. ಅಲೆ ಒಂದೊಂದು ಸಲ ಅಲಗಿನ ಕೆಳಗೆ ಬಂದು ಬಡಿಯುತ್ತದೆ. ಒಂದೊಂದು ಸಲ ನೀರಿದೆ ಅಂದುಕೊಂಡ ಕಡೆ ನೀರೇ ಇರುವುದಿಲ್ಲ, ಹುಟ್ಟು ಗಾಳಿಯಲ್ಲಿ ಹೋಗಿ ನೀವು ಹಿಂದಕ್ಕೆ ಬೀಳುತ್ತೀರಿ. ಇದಾದ ಮೇಲೆ ಹೆದರಿಕೆ ಶುರು. ಹೆದರಿದ ಕೈ ಬಿಗಿಯಾಗುತ್ತದೆ. ಸಾಮಾನ್ಯ ಕೈಯಾದರೆ ಸುಸ್ತಾಗಿ ತಾನೇ ಸಡಿಲವಾಗುತ್ತಿತ್ತೇನೋ. ನನ್ನದು ಜಿಮ್‌ನಲ್ಲಿ ತಯಾರಾದ ಕೈ, ಒಂದು ಗಂಟೆ ಪೂರ್ತಿ ಮುಷ್ಟಿ ಬಿಚ್ಚಲಿಲ್ಲ. ಎಳೆಯುವಾಗಲೂ ಬಿಗಿ, ಹುಟ್ಟು ಮುಂದಕ್ಕೆ ಹೋಗುವಾಗಲೂ ಬಿಗಿ. ಬೆರಳಿನ ಸ್ನಾಯುರಜ್ಜುಗಳಿಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳಿಗೆ, ಬಿಡುವೇ ಸಿಗಲಿಲ್ಲ.

ಹೆಬ್ಬೆರಳಿನ ಕಡೆ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಊದಿಕೊಂಡಿತು. ಮಣಿಕಟ್ಟು ಆಡಿಸಿದರೆ ಒಳಗೆ ಕರಕರ ಅನ್ನುವುದು ಎಡಗೈ ಬೆರಳಿಗೆ ಗೊತ್ತಾಗುತ್ತಿತ್ತು. ನಾನು ಅದನ್ನು ಜಿಮ್‌ನ ಮೈಕೈ ನೋವಿನ ಲೆಕ್ಕಕ್ಕೆ ಹಾಕಿದೆ. ನೋವು ಬಂದರೆ ಒಳ್ಳೇದೇ, ಶಕ್ತಿ ಬೆಳೆಯುತ್ತಿದೆ ಎಂಬ ಪಾಠವನ್ನು ಚಳಿಗಾಲವೆಲ್ಲ ನನಗೆ ನಾನೇ ಹೇಳಿಕೊಂಡಿದ್ದೆ. ಸ್ನಾಯುವಿನ ನೋವು ಬೇರೆ, ಸ್ನಾಯುರಜ್ಜುವಿನ ನೋವು ಬೇರೆ. ಸ್ನಾಯು ಎರಡು ದಿನ ನೋಯುತ್ತದೆ, ಇಳಿಯುತ್ತದೆ. ಸ್ನಾಯುರಜ್ಜುವಿನ ಸುತ್ತಲ ಪೊರೆ ಊದಿಕೊಂಡರೆ, ಅದರ ಮೇಲೆ ಮತ್ತೆ ಎಳೆದರೆ ಇನ್ನಷ್ಟು ಊದುತ್ತದೆ, ಅಷ್ಟೇ. ಕ್ಲಬ್‌ನಲ್ಲಿ ಯಾರಿಗಾದರೂ ಕೈ ತೋರಿಸಿದ್ದರೆ ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು, ಅಲ್ಲಿ ಅದನ್ನು ಕಂಡವರು ಬೇಕಾದಷ್ಟು ಜನ ಇದ್ದರು. ಒಬ್ಬನೇ ತಯಾರಾಗಿ ಬಂದವನಿಗೆ ಕೇಳುವ ಅಭ್ಯಾಸವೇ ಇರಲಿಲ್ಲ. ಅಂಗಿಯ ತೋಳು ಇಳಿಸಿಕೊಂಡು ಮುಚ್ಚಿಟ್ಟೆ. ಬಾಗಿಲ ಹಿಡಿ ತಿರುಗಿಸಲು ಆಗದ ದಿನ ಫಿಸಿಯೋ ಹತ್ತಿರ ಹೋದೆ. ಹುಟ್ಟು ಮುಟ್ಟಬೇಡಿ ಅಂದರು.

ಅದು 2019ರ ಬೇಸಿಗೆ. ಆ ಜುಲೈನಲ್ಲಿ ಸ್ಟ್ರಾನ್‌ರಾರ್‌ನಲ್ಲಿ ಈ ದೋಣಿಗಳ ವಿಶ್ವ ಕೂಟ ಇತ್ತು. ಸ್ಕಿಫಿವರ್ಲ್ಡ್ಸ್ ಎನ್ನುತ್ತಾರೆ, ಮೊದಲನೆಯದು 2013ರಲ್ಲಿ ಉಲ್ಲಾಪೂಲ್‌ನಲ್ಲಿ ನಡೆದಿತ್ತು. ಒಲಿಂಪಿಕ್ ಆಟಗಾರರು ಬರುವ ಜಾತ್ರೆ ಅಲ್ಲ ಅದು. ಊರೂರಿನ ಕ್ಲಬ್‌ನವರು ತಮ್ಮ ದೋಣಿಯನ್ನು ಟ್ರೇಲರ್ ಮೇಲೆ ಎಳೆದುಕೊಂಡು ಬಂದು, ಟೆಂಟ್ ಹಾಕಿ, ವಾರವಿಡೀ ಸ್ಪರ್ಧಿಸುತ್ತಾರೆ, ಆ ಸಲ ಅಲ್ಲಿಯ ಲಾಕ್ ರಯಾನ್ ಕೊಲ್ಲಿಯ ನೀರಿನಲ್ಲಿ. 50 ದಾಟಿದವರಿಗೆ, 60 ದಾಟಿದವರಿಗೆ ಬೇರೆ ಬೇರೆ ಓಟಗಳಿವೆ. ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ತೆಗೆಸಬೇಕಾಯಿತು. ನಮ್ಮವರು ಕಳಿಸಿದ ಫೋಟೋಗಳನ್ನು ಆಫೀಸ್‌ನಲ್ಲಿ ಕೂತು ನೋಡಿದೆ. ಆ ಹೊಟ್ಟೆಉರಿ ಇನ್ನೂ ನೆನಪಿದೆ.

ಕೈ ವಾಸಿಯಾದ ಮೇಲೆ ಸರಿಪಡಿಸಿದ್ದು ಸ್ಟ್ರೋಕ್ ಸೀಟಿನ ಒಬ್ಬ ನಿವೃತ್ತ ಟೀಚರಮ್ಮ. ಹುಟ್ಟು ಮುಂದಕ್ಕೆ ಹೋಗುವಾಗ ಪ್ರತಿ ಸಲವೂ ಬೆರಳೆಲ್ಲ ಹಿಡಿಯಿಂದ ಎತ್ತಿ ಒಮ್ಮೆ ಆಡಿಸು, ಅಂಗೈಯಲ್ಲೇ ತಳ್ಳು ಅಂದರು. ನಾನು ಆಡಿಸದಿದ್ದರೆ ಗೂಟದ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು, ಹಿಂದೆ ತಿರುಗದೆಯೇ "ಬೆರಳು!" ಅನ್ನುತ್ತಿದ್ದರು. ಹೇಳಿ, ಇದನ್ನು ಯಾವ ಮೆಷಿನ್ ಹೇಳಿಕೊಡುತ್ತದೆ?

ಇನ್ನೊಂದು ವಿಷಯ. ನಿಮ್ಮ ಪ್ರಶ್ನೆಯಲ್ಲಿ ಕ್ಲಬ್ ಎಂದರೆ ವ್ಯಾಯಾಮದ ಜಾಗ ಎಂಬ ಲೆಕ್ಕಾಚಾರ ಕಾಣುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಈ ದೋಣಿ ಹುಟ್ಟಿದ ಕತೆ ಕೇಳಿ. ಫೋರ್ತ್‌ನ ಆಚೆ ದಡದ ಫೈಫ್‌ನಲ್ಲಿ ಹಿಂದೆ ಕಲ್ಲಿದ್ದಲು ಗಣಿ ಕೆಲಸಗಾರರು ದೋಣಿ ಸ್ಪರ್ಧೆ ನಡೆಸುತ್ತಿದ್ದರು. ಕಾಲಕ್ರಮೇಣ ಅದು ನಿಂತುಹೋಯಿತು. ಅಂಥದ್ದನ್ನು ಮತ್ತೆ ಶುರು ಮಾಡಬೇಕು ಎಂದು ಆನ್‌ಸ್ಟ್ರದರ್‌ನಲ್ಲಿರುವ ಸ್ಕಾಟಿಷ್ ಫಿಶರೀಸ್ ಮ್ಯೂಸಿಯಂ 2009ರಲ್ಲಿ ಒಂದು ಹೊಸ ದೋಣಿಯ ವಿನ್ಯಾಸ ಮಾಡಿಸಿತು. ವಿನ್ಯಾಸ ಇಯಾನ್ ಆಟ್ರೆಡ್ ಅವರದು, ಮಾದರಿ ಉತ್ತರದ ಫೇರ್ ಐಲ್ ದ್ವೀಪದ ಹಳೇ ದೋಣಿಗಳು. ಅಲೆಕ್ ಜೋರ್ಡನ್ ಅವರು ಪ್ಲೈವುಡ್ ಹಲಗೆಗಳನ್ನು ಅಳತೆಗೆ ಕತ್ತರಿಸಿ ಕಿಟ್ ಮಾಡಿ ಕೊಟ್ಟರು. ಊರಿನ ಜನ ಸೇರಿ ತಮ್ಮ ದೋಣಿ ತಾವೇ ಕಟ್ಟಿಕೊಳ್ಳಬೇಕು, ಅದೇ ಇದರ ಮೂಲ ಆಲೋಚನೆ. ಈಗ ನೆದರ್‌ಲ್ಯಾಂಡ್ಸ್, ಅಮೆರಿಕ, ಆಸ್ಟ್ರೇಲಿಯಾದಲ್ಲೂ ಇವೆ.

ಹಾಗಾಗಿ ಕ್ಲಬ್‌ನಲ್ಲಿ ಹುಟ್ಟು ಹಾಕುವುದಕ್ಕಿಂತ ಬೇರೆ ಕೆಲಸವೇ ಜಾಸ್ತಿ. ನನ್ನ ಕೈ ಕೆಟ್ಟಾಗ ಮೊದಲು ನಾಚಿಕೊಂಡು ಮನೆಯಲ್ಲಿ ಕೂತೆ. ಆಮೇಲೆ ಕ್ಲಬ್‌ನವರು ದೋಣಿ ಕಟ್ಟುವ ಶೆಡ್‌ಗೆ ಹೋದರೆ, ಒಂದೇ ಕೈಯಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿತ್ತು. ಹಲಗೆ ಮೇಲೆ ಹಲಗೆ ಅಂಚು ಹತ್ತಿಸಿ ಅಂಟಿಸುವ ದೋಣಿ ಇದು. ಅಂಟು ಒಣಗುವವರೆಗೆ ಅಂಚಿನುದ್ದಕ್ಕೂ ಹತ್ತಾರು ಕ್ಲಾಂಪ್‌ಗಳನ್ನು ಬಿಗಿಯಬೇಕು, ಒಂದೊಂದು ಬಿಗಿದಾಗಲೂ ಸಂದಿಯಿಂದ ಅಂಟು ಮಣಿಮಣಿಯಾಗಿ ಹೊರಬರುತ್ತದೆ. ಅದು ಗಟ್ಟಿಯಾಗುವ ಮುಂಚೆ ಒರೆಸಬೇಕು. ಆ ಒರೆಸುವ ಕೆಲಸ ನನ್ನದು. ಮರಕ್ಕೆ ಉಪ್ಪುಕಾಗದ ತಿಕ್ಕುತ್ತ, ವಾರ್ನಿಷ್ ಹಚ್ಚುತ್ತ ನನಗೆ ಇಲ್ಲಿಯ ಸ್ನೇಹಿತರೆಲ್ಲ ಸಿಕ್ಕಿದ್ದು. ಅಲ್ಲಿಯವರೆಗೆ ಈ ಊರಿನಲ್ಲಿ ನನಗೆ ಆಫೀಸಿನವರು, ಕನ್ನಡದವರು ಬಿಟ್ಟರೆ ಯಾರೂ ಗೊತ್ತಿರಲಿಲ್ಲ. ಮೀನುಗಾರರ ಮನೆಯ ಮಗ, ನರ್ಸ್, ಕಾಲೇಜು ಹುಡುಗಿ, ಬಡಗಿ, ಎಲ್ಲರೂ ಒಂದೇ ಕೆಟಲ್‌ನ ಟೀ ಕುಡಿಯುವ ಜಾಗ ಅದು. ಈ ನಂಟಿಗೆ ಆರು ತಿಂಗಳು ತಡ ಮಾಡಿಕೊಳ್ಳಬೇಡಿ.

ಈಜಿನ ಬಗ್ಗೆ ಮಾತ್ರ ನಿಮ್ಮ ಭಯ ಸರಿಯಾದದ್ದೇ. ಫೋರ್ತ್‌ನ ನೀರು ಫೆಬ್ರವರಿ, ಮಾರ್ಚ್‌ನಲ್ಲಿ 6 ಡಿಗ್ರಿ ಆಸುಪಾಸು ಇರುತ್ತದೆ, ಆಗಸ್ಟ್‌ನಲ್ಲೂ 14ರ ಹತ್ತಿರ ಅಷ್ಟೇ. ಅಂಥ ನೀರಿಗೆ ಬಿದ್ದ ತಕ್ಷಣ ಉಸಿರು ತನ್ನಷ್ಟಕ್ಕೆ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರಿನೊಳಗಿದ್ದರೆ ಮುಗಿಯಿತು. ಚೆನ್ನಾಗಿ ಈಜುವವರಿಗೂ ಹಾಗೇ ಆಗುತ್ತದೆ. ಮೊದಲ ಒಂದೆರಡು ನಿಮಿಷ ಈಜಲು ಹೋಗದೆ, ಅಂಗಾತ ತೇಲಿಕೊಂಡು ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು. ಲೈಫ್‌ಜಾಕೆಟ್ ಇರುವುದು ಅದಕ್ಕೇ. ಕೊಡುವ ಜಾಕೆಟ್ ನಿಮ್ಮ ಮೈಗೆ ಬಿಗಿಯಾಗಿ ಕೂರುತ್ತದಾ ನೋಡಿಕೊಳ್ಳಿ, ಕಾಲಸಂದಿಯ ಪಟ್ಟಿ ಇದ್ದರೆ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ತಲೆಯ ಮೇಲಕ್ಕೆ ಸರಿಯುತ್ತದೆ. ಜಿಮ್‌ಗೆ ಕೊಡಬೇಕೆಂದಿದ್ದ ದುಡ್ಡನ್ನು ಈಜು ಕ್ಲಾಸಿಗೆ ಕೊಡಿ. ಅದೊಂದು ತಯಾರಿ ದಂಡವಾಗುವುದಿಲ್ಲ.

ಕ್ಲಬ್ ಆರಿಸುವಾಗ ದೋಣಿ ಎಷ್ಟು ಜೋರಾಗಿ ಓಡುತ್ತದೆ ಎಂದು ನೋಡಬೇಡಿ, ಯಾವ ದಿನ ಹೊರಡಲ್ಲ ಅನ್ನುತ್ತಾರೆ ಅದನ್ನು ನೋಡಿ. ಈ ದಡದಲ್ಲಿ ನೈರುತ್ಯದ ಗಾಳಿ ಭೂಮಿಯಿಂದ ಸಮುದ್ರದ ಕಡೆಗೆ ಬೀಸುತ್ತದೆ. ದಡದಲ್ಲಿ ನಿಂತು ನೋಡಿದರೆ ನೀರು ಸಪಾಟಾಗಿ, ಕೈಬೀಸಿ ಕರೆಯುವ ಹಾಗೆ ಇರುತ್ತದೆ. ಅರ್ಧ ಮೈಲಿ ಒಳಗೆ ಹೋದರೆ ಅಲೆ ಏಳುತ್ತದೆ, ವಾಪಸ್ ಬರುವಾಗ ಗಾಳಿ ಎದುರಿಗೆ. ವಸಂತದಲ್ಲಿ ಹಾರ್ ಎನ್ನುವ ಸಮುದ್ರದ ಮಂಜು ಬಂದರೆ, ನೋಡನೋಡುತ್ತಲೇ ದಡ ಕಾಣೆಯಾಗುತ್ತದೆ. ನಮ್ಮ ಕಾಕ್ಸ್ ಒಬ್ಬರು ಎಲ್ಲರೂ ಬೂಟು ಹಾಕಿ ಸಜ್ಜಾಗಿ ನಿಂತ ಮೇಲೂ ದಿಗಂತ ನೋಡಿ "ಇವತ್ತು ಟೀ ಮಾತ್ರ" ಎಂದುಬಿಡುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅಂಥವರಿಲ್ಲದ ದೋಣಿಗೆ ನಾನು ಹತ್ತುವುದಿಲ್ಲ.

ವಯಸ್ಸಿನ ಬಗ್ಗೆ ಏನೂ ಹೇಳಬೇಕಾಗಿಲ್ಲ, 42ಕ್ಕೆ ನೀವು ಅಲ್ಲಿ ಹುಡುಗರ ಸಾಲಿಗೆ ಸೇರುತ್ತೀರಿ.

ಜೀನ್ಸ್ ಹಾಕಿಕೊಂಡು ಹೋಗಬೇಡಿ, ಒದ್ದೆಯಾದರೆ ಒಣಗುವುದೇ ಇಲ್ಲ. ಉಣ್ಣೆಯದೋ ನೈಲಾನ್‌ದೋ ಹಾಕಿ, ಬೆಚ್ಚಗಿನ ಟೋಪಿ ಇರಲಿ, ಬದಲಿಸಲು ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ. ಹಲಗೆ ಗಟ್ಟಿ, ಕೂರಲು ಒಂದು ಸಣ್ಣ ಮೆತ್ತೆ ತೆಗೆದುಕೊಂಡು ಹೋಗಿ. ಇಳಿತದ ಹೊತ್ತಿನಲ್ಲಿ ನೀರು ತುಂಬ ದೂರ ಹೋಗಿರುತ್ತದೆ, ದೋಣಿಯನ್ನು ಮರಳ ಮೇಲೆ ತಳ್ಳಿಕೊಂಡು ಹೋಗಲು ಕೈ ಬೇಕಿರುತ್ತದೆ, ಅಲ್ಲಿಂದಲೇ ನಿಮ್ಮ ಪರಿಚಯ ಶುರುವಾಗುತ್ತದೆ. ಸಾಮಾನ್ಯವಾಗಿ ಹೊಸಬರನ್ನು ಒಂದೆರಡು ಸಲ ಸುಮ್ನೆ ಬಂದು ನೋಡಿ ಅಂತಲೇ ಕರೆಯುತ್ತಾರೆ. ಮನೆಗೆ ಹತ್ತಿರದ ಕ್ಲಬ್‌ಗೆ ಇವತ್ತೇ ಒಂದು ಮೇಲ್ ಹಾಕಿ: ನಾನು ಹೊಸಬ, ಈಜು ಅಷ್ಟಾಗಿ ಬರುವುದಿಲ್ಲ, ಮಣಿಕಟ್ಟು ಸ್ವಲ್ಪ ಸೂಕ್ಷ್ಮ, ಯಾವ ದಿನ ಬರಲಿ? ಇಷ್ಟು ಬರೆದರೆ ಸಾಕು.