ಬೇಸಿಗೆಯಲ್ಲಿ ಕುರಿ ರೇಟು ಯಾಕೆ ಬೀಳುತ್ತದೆ? ಮಟನ್ ರೇಟು ಮಾತ್ರ ಯಾಕೆ ಇಳಿಯುವುದಿಲ್ಲ?

ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವನು. ನಮ್ಮದು ಮಳೆ ಕಡಿಮೆ ಇರುವ ಸೀಮೆ, ಮಾಡಗ್ಯಾಳ ತಳಿಯ ಕುರಿಗಳ ಊರು. ಇಲ್ಲಿ ಕಂಡಿದ್ದನ್ನೇ ಹೇಳುತ್ತೇನೆ.

ಮೇವು, ನೀರು ಮುಗಿದಾಗ ಎಲ್ಲರೂ ಒಂದೇ ಸಲ ಸಂತೆಗೆ ಕುರಿ ಹೊಡೆದುಕೊಂಡು ಬರುತ್ತಾರೆ. ಕುರಿಗಳೂ ಬಡಕಲಾಗಿರುತ್ತವೆ. ಅದೇ ಹೊತ್ತಿಗೆ ಜೋಳ, ಕಣಿಕೆಯ (ಜೋಳದ ಒಣ ದಂಟಿನ ಮೇವು) ದರ ಏರಿರುತ್ತದೆ. ಹೋದ ಸಲ ಒಂದು ಕುರಿ ಮಾರಿ ತಂದಷ್ಟು ಜೋಳಕ್ಕೆ ಈ ಸಲ ಎರಡು ಮಾರಬೇಕು. ನಿಜವಾದ ಪೆಟ್ಟು ಇದೇ. ವಾಪಸ್ ಹೊಡೆದುಕೊಂಡು ಹೋದರೆ ಮೇವಿಲ್ಲ ಅಂತ ದಲ್ಲಾಳಿಗೂ ಗೊತ್ತು, ಅಲ್ವಾ? ಪೇಟೆಯಲ್ಲಿ ಮಟನ್ ತಿನ್ನುವವರು ಮಾತ್ರ ಕಡಿಮೆಯಾಗುವುದಿಲ್ಲ. ನಡುವಿನ ಲಾಭ ನಡುವಿನವರಿಗೇ.

ಇನ್ನೊಂದು, ತೂಕ. ಸಂತೆಯಲ್ಲಿ ಬೆನ್ನು ಮುಟ್ಟಿ ನೋಡಿ, ಕಣ್ಣಳತೆಯಲ್ಲೇ ರೇಟು ಹೇಳುತ್ತಾರೆ. ಕೆಲವು ಕಡೆ ಟವೆಲ್ ಕೆಳಗೆ ಬೆರಳು ಹಿಡಿದೇ ವ್ಯಾಪಾರ, ಪಕ್ಕದವನಿಗೂ ದರ ತಿಳಿಯುವುದಿಲ್ಲ. 30 ಕೆಜಿ ಟಗರಿನಲ್ಲಿ ಸುಮಾರು 14 ಕೆಜಿ ಮಾಂಸ ಸಿಗುತ್ತದೆ. ಮನೆಯಲ್ಲೇ ತೂಗಿಕೊಂಡು, ಈ ಲೆಕ್ಕ ಹಾಕಿಕೊಂಡು ಹೋದರೆ ಮೋಸ ಹೋಗುವುದು ಕಮ್ಮಿ. ತೂಗುವ ಕೊಕ್ಕೆಗೆ ಹಾಕಿದ ದುಡ್ಡು ಬೇಗ ವಾಪಸ್ ಬರುತ್ತದೆ.

ಬಕ್ರೀದ್ ಮುಂಚೆ ಒಳ್ಳೆಯ ಟಗರಿಗೆ ರೇಟು ಜಾಸ್ತಿ. ಆದರೆ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ: 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಅಂದರೆ ಬರುವ ವರ್ಷಗಳಲ್ಲಿ ಅದು ಬೇಸಿಗೆಯ ನಡುವೆಯೇ ಬರುತ್ತದೆ. ಅದಕ್ಕೇ ನಾನಾದರೆ ಮುದಿ ಕುರಿಗಳನ್ನು ಸಂಕ್ರಾಂತಿ ಹೊತ್ತಿಗೇ ಮಾರಿ, ಉಳಿದ ಮೇವನ್ನು ಟಗರು ಮತ್ತು ಗಬ್ಬದ ಕುರಿಗಳಿಗೆ ಇಡುತ್ತೇನೆ.