2 ಮೀಟರ್ ಬಾಲ್ಸಾ ಗ್ಲೈಡರ್‌ಗೆ ಯಾವ ಮೋಟಾರ್ ಹಾಕಲಿ? ಕೆವಿ ಜಾಸ್ತಿ ಇದ್ದರೆ ಶಕ್ತಿನೂ ಜಾಸ್ತಿಯಾ?

ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ಹಳೇ ಪ್ಲಾನ್ ಇಟ್ಟುಕೊಂಡು, ಹಗುರವಾದ ಬಾಲ್ಸಾ ಮರ ಕೊಯ್ದು, ರೇಡಿಯೊದಿಂದ ಹಾರಿಸುವ ಮಾದರಿ ಗ್ಲೈಡರ್ ಕೈಯಾರೆ ಕಟ್ಟುವವರು ಈಗ ಕಡಿಮೆ. ನೀವು ಹೇಳಿದ್ದು ಇಷ್ಟು: ರೆಕ್ಕೆ 2 ಮೀಟರ್. ಸರ್ವೊ, ರಿಸೀವರ್ ಎಲ್ಲ ಸೇರಿ ತೂಕ 750 ಗ್ರಾಂ, ಅದರಲ್ಲಿ 90 ಗ್ರಾಂ ಮೂಗಿನಲ್ಲಿರುವ ಸೀಸ. ಇಲ್ಲಿವರೆಗೆ ರಬ್ಬರ್ ಹಗ್ಗ ಎಳೆದು ಹಾರಿಸಿದ್ದೀರಿ. ಈಗ ಮೋಟಾರ್ ಹಾಕಬೇಕು. ಪ್ಲಾನ್‌ನಲ್ಲಿ ಸ್ಪೀಡ್ 600 ಅಂತ ಬರೆದಿದೆ. ಅಂಗಡಿಯವರು 2212 ಅಳತೆಯ 2200 ಕೆವಿ ಮೋಟಾರ್ ತೋರಿಸಿ, ಕೆವಿ ಜಾಸ್ತಿ ಇದ್ದಷ್ಟೂ ಶಕ್ತಿ ಜಾಸ್ತಿ ಅಂದಿದ್ದಾರೆ.

ಆ ಮಾತು ತಪ್ಪು. ದಯವಿಟ್ಟು ಆ ಮೋಟಾರ್ ತಗೋಬೇಡಿ. ಕೆವಿ ಅನ್ನೋದು ಒಂದು ವೋಲ್ಟಿಗೆ ಮೋಟಾರ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಸಂಖ್ಯೆ, ಅದನ್ನು ನೋಡಬೇಕಾದ್ದು ಕೊನೆಗೆ. ಮೊದಲು ತೂಕ, ಆಮೇಲೆ ಎಷ್ಟು ವೇಗವಾಗಿ ಮೇಲೇರಬೇಕು ಅನ್ನೋದು, ಆಮೇಲೆ ಪ್ರೊಪೆಲ್ಲರ್. ಇವು ಮೂರೂ ಗೊತ್ತಾದ ಮೇಲೆ ಕೆವಿ ತಾನಾಗಿಯೇ ಸಿಗುತ್ತದೆ.

ಮೊದಲು ಪ್ಲಾನ್ ವಿಷಯ ಮುಗಿಸಿಬಿಡೋಣ. ಸ್ಪೀಡ್ 600 ಅಂದರೆ ಬ್ರಷ್ ಇರುವ ಹಳೇ ಡಬ್ಬಿ ಮೋಟಾರ್. ಅದೊಂದೇ ಸುಮಾರು 200 ಗ್ರಾಂ. ಅದಕ್ಕೆ 7 ಸೆಲ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಹಾಕುತ್ತಿದ್ದರು, ಅದು ಇನ್ನೊಂದು 400 ಗ್ರಾಂ. ಅಷ್ಟು ಹೊತ್ತುಕೊಂಡ ಗ್ಲೈಡರ್ ಮೇಲೇರುವುದೇ ಕಷ್ಟವಾಗಿತ್ತು. ಈಗಿನ ಬ್ರಷ್ ಇಲ್ಲದ (ಬ್ರಷ್‌ಲೆಸ್) ಮೋಟಾರ್ ಮತ್ತು ಲಿಪೊ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿ ಎರಡೂ ಸೇರಿ 200 ಗ್ರಾಂ ಒಳಗೇ ಬರುತ್ತವೆ, ಎತ್ತುವ ಬಲವೂ ಜಾಸ್ತಿ. ಹಾಗಾಗಿ ಸ್ಪೀಡ್ 600ಕ್ಕೆ ಸಮನಾದ ಮೋಟಾರ್ ಯಾವುದು ಅಂತ ಹುಡುಕುವುದು ಬೇಡ.

ಈಗ ನಿಮ್ಮ ಗ್ಲೈಡರ್ ನೋಡೋಣ. ಸೀಸ ತೆಗೆದರೆ 660 ಗ್ರಾಂ. ಮೋಟಾರ್ 70, ಇಎಸ್‌ಸಿ (ಮೋಟಾರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್) 30, ಮಡಿಸುವ ಪ್ರೊಪೆಲ್ಲರ್ ಮತ್ತು ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಚೂಪು ಟೋಪಿ) 30, 3 ಸೆಲ್‌ನ 1300 ಎಂಎಎಚ್ ಬ್ಯಾಟರಿ ಸುಮಾರು 115. ಒಟ್ಟು 900 ಗ್ರಾಂ ಆಸುಪಾಸು. ಲೆಕ್ಕ ಸುಲಭವಾಗಲಿ ಅಂತ 1 ಕೆಜಿ ಅಂದುಕೊಳ್ಳೋಣ.

ಒಳ್ಳೇ 2 ಮೀಟರ್ ಗ್ಲೈಡರ್ ಮೋಟಾರ್ ಇಲ್ಲದೆ ತೇಲುವಾಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇಳಿಯುತ್ತದೆ. ಆ ಇಳಿತವನ್ನು ತುಂಬಿಕೊಡಲು ಬೇಕಾದ ಶಕ್ತಿ 1 × 9.8 × 0.6, ಅಂದರೆ ಬರೀ 6 ವ್ಯಾಟ್. ಮನೆಯ ಎಲ್‌ಇಡಿ ಬಲ್ಬಿಗೂ ಅದಕ್ಕಿಂತ ಜಾಸ್ತಿ ಬೇಕು. ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಎರಡೆರಡು ಸಲ ತಾಳೆ ನೋಡಿದ್ದೆ. ಗ್ಲೈಡರ್‌ಗೆ ಹಾರಲು ಮೋಟಾರ್ ಬೇಕಾಗಿಯೇ ಇಲ್ಲ, ಮೇಲೆ ಹತ್ತಲು ಮಾತ್ರ ಬೇಕು. 20 ಸೆಕೆಂಡ್ ಕೆಲಸ ಮಾಡಿ, ಉಳಿದ ಹೊತ್ತೆಲ್ಲ ಅದು ಸುಮ್ನೆ ಹೊರುವ ತೂಕ. ಆಯ್ಕೆ ಮಾಡುವಾಗ ಇದನ್ನು ಮರೆಯಬಾರದು.

ಸೆಕೆಂಡಿಗೆ 5 ಮೀಟರ್ ಏರಬೇಕು ಅಂದರೆ 1 × 9.8 × 5, ಅಂದರೆ 49 ವ್ಯಾಟ್. ತೇಲಲು ಬೇಕಾದ 6 ಸೇರಿಸಿದರೆ 55. ಆದರೆ ಬ್ಯಾಟರಿಯಿಂದ ಹೊರಟಿದ್ದೆಲ್ಲ ಎಳೆತವಾಗುವುದಿಲ್ಲ. ಮೋಟಾರ್‌ನಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಪ್ರೊಪೆಲ್ಲರ್‌ನಲ್ಲಿ ಇನ್ನೊಂದಿಷ್ಟು. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಕೈಗೆ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾದರೆ ಬ್ಯಾಟರಿಯಿಂದ 120 ವ್ಯಾಟ್ ಬೇಕು. ಇದು ನೆಮ್ಮದಿಯ ಏರಿಕೆ. 150 ವ್ಯಾಟ್ ಇದ್ದರೆ ಸೆಕೆಂಡಿಗೆ ಆರು, ಆರೂವರೆ ಮೀಟರ್ ಬರುತ್ತದೆ. 200 ಆದರೆ ಮೂಗು ಮೇಲೆತ್ತಿ ರಭಸದಿಂದ ಹೋಗುತ್ತದೆ.

ಎಷ್ಟು ಎತ್ತರ ಹೋಗಬೇಕು ಅನ್ನೋದನ್ನೂ ಇಲ್ಲೇ ಯೋಚಿಸಿ. ನಮ್ಮ ದೇಶದ 2021ರ ಡ್ರೋನ್ ನಿಯಮಗಳಲ್ಲಿ ಇಂಥ ಮಾದರಿಗಳೂ ಬರುತ್ತವೆ. ಹಸಿರು ವಲಯದಲ್ಲಿ ಮಿತಿ 400 ಅಡಿ, ಅಂದರೆ ಸುಮಾರು 120 ಮೀಟರ್. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ದೂರದ ಪಟ್ಟಿಯಲ್ಲಿ ಅದು 200 ಅಡಿಗೆ ಇಳಿಯುತ್ತದೆ. ಹಾರಿಸುವ ಜಾಗವನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. 120 ಮೀಟರ್ ಏರಲು 150 ವ್ಯಾಟ್‌ನ ಮೋಟಾರ್‌ಗೆ 20 ಸೆಕೆಂಡ್ ಸಾಕು. ಎಫ್5ಜೆ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ ಮೋಟಾರ್ ಓಡಿಸಲು 30 ಸೆಕೆಂಡ್ ಮಾತ್ರ ಬಿಡುತ್ತಾರೆ. ಅಲ್ಲಿ ಏರಿದ ಪ್ರತಿ ಮೀಟರಿಗೂ ಅರ್ಧ ಅಂಕ ಕಳೆಯುತ್ತಾರೆ, 200 ಮೀಟರ್ ದಾಟಿದರೆ ಮೀಟರಿಗೆ 3 ಅಂಕ. ತಗ್ಗಿನಲ್ಲೇ ಮೋಟಾರ್ ನಿಲ್ಲಿಸಿ, ಮೇಲೇರುವ ಬಿಸಿಗಾಳಿ ಹುಡುಕಿ 10 ನಿಮಿಷ ತೇಲುವವರು ಗೆಲ್ಲುತ್ತಾರೆ. ನನಗೆ ಇದು ಬಹಳ ಇಷ್ಟವಾದ ನಿಯಮ.

ಇನ್ನು ಪ್ರೊಪೆಲ್ಲರ್. ನಿಮ್ಮ ಗ್ಲೈಡರ್ ಏರುವಾಗ ಗಂಟೆಗೆ 35, 40 ಕಿಲೋಮೀಟರ್ ವೇಗದಲ್ಲಿರುತ್ತದೆ. ಇಷ್ಟು ನಿಧಾನದಲ್ಲಿ ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಲಾಭ, ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳಿದರೆ ನಷ್ಟ. ಅಂದರೆ ದೊಡ್ಡ ಪ್ರೊಪೆಲ್ಲರ್ ಬೇಕು. ನಿಮಗೆ 10×6 ಮಡಿಸುವ ಪ್ರೊಪೆಲ್ಲರ್ ಸರಿಹೋಗುತ್ತದೆ: ಅಗಲ 10 ಇಂಚು, ಪಿಚ್ (ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಹೋಗುವ ದೂರ) 6 ಇಂಚು. ಅದು ನಿಮಿಷಕ್ಕೆ 7500 ಸುತ್ತು ತಿರುಗಿದರೆ ಮೋಟಾರ್ ತೆಗೆದುಕೊಳ್ಳುವುದು ಸುಮಾರು 160 ವ್ಯಾಟ್. ಪಿಚ್ ಲೆಕ್ಕದ ವೇಗ ಗಂಟೆಗೆ 68 ಕಿಲೋಮೀಟರ್ ಬರುತ್ತದೆ. ಹಾರುವ ವೇಗಕ್ಕಿಂತ ಅಷ್ಟು ಮುಂದಿದ್ದರೆ ಏರುವಾಗ ಒಳ್ಳೇ ಎಳೆತ ಇರುತ್ತದೆ.

ಈಗ ಕೆವಿಗೆ ಬರೋಣ. ಕೆವಿ ಅಂದರೆ ಭಾರ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು, ಅಷ್ಟೇ. ಒಂದೇ ಅಳತೆಯ ಮೋಟಾರ್‌ಗೆ ತಂತಿಯನ್ನು ಕಡಿಮೆ ಸುತ್ತು ಸುತ್ತಿದರೆ ಕೆವಿ ಜಾಸ್ತಿ, ಹೆಚ್ಚು ಸುತ್ತಿದರೆ ಕಡಿಮೆ. ಎಷ್ಟು ವ್ಯಾಟ್ ತಡೆದುಕೊಳ್ಳುತ್ತದೆ ಅನ್ನೋದು ಮೋಟಾರ್‌ನ ಗಾತ್ರ ಮತ್ತು ತೂಕದಿಂದ ಬರುತ್ತದೆ, ಗ್ರಾಂಗೆ ಸುಮಾರು 3 ವ್ಯಾಟ್ ಅಂತ ನಾನು ಲೆಕ್ಕ ಹಾಕುತ್ತೇನೆ. 70 ಗ್ರಾಂ ಮೋಟಾರ್ ಅಂದರೆ 200 ವ್ಯಾಟ್.

3 ಸೆಲ್ ಲಿಪೊ ಭಾರ ಎಳೆಯುವಾಗ 10.8 ವೋಲ್ಟ್ ಹತ್ತಿರ ನಿಲ್ಲುತ್ತದೆ. ಅದಕ್ಕೆ 900 ಕೆವಿ ಗುಣಿಸಿದರೆ 9700 ಸುತ್ತು. ಪ್ರೊಪೆಲ್ಲರ್ ಹಾಕಿದ ಮೇಲೆ ಅದರ ಮುಕ್ಕಾಲು ಭಾಗ ಉಳಿಯುತ್ತದೆ. ನೋಡಿ, 7500ರ ಹತ್ತಿರ ಬಂದೇಬಿಟ್ಟೆವು. ಹಾಗಾಗಿ ನಿಮಗೆ ಬೇಕಾದ್ದು 850ರಿಂದ 950 ಕೆವಿ.

ಅಂಗಡಿಯವರು ತೋರಿಸಿದ 2200 ಕೆವಿಗೆ 6×3 ಪ್ರೊಪೆಲ್ಲರ್ ಮಾತ್ರ ಹಾಕಬಹುದು. ಅದು 18000 ಸುತ್ತು ತಿರುಗುತ್ತದೆ. ಸದ್ದು ಜಾಸ್ತಿ, ಕರೆಂಟೂ ಹೆಚ್ಚು ಕಡಿಮೆ ಅಷ್ಟೇ ತಿನ್ನುತ್ತದೆ, ಆದರೆ ತಳ್ಳುವ ಗಾಳಿಯ ವೃತ್ತ 10 ಇಂಚಿನದರ ಮೂರನೇ ಒಂದು ಭಾಗ ಚಿಲ್ಲರೆ. ಅದರಲ್ಲೂ ನಡುವಿನ ಜಾಗಕ್ಕೆ ನಿಮ್ಮ ಗ್ಲೈಡರ್‌ನ ಮೂಗೇ ಅಡ್ಡ ಬರುತ್ತದೆ. ಪುಟ್ಟ, ವೇಗದ ವಿಮಾನಕ್ಕೆ ಅದು ಒಳ್ಳೇ ಮೋಟಾರ್. ಗ್ಲೈಡರ್‌ಗೆ ಅಲ್ಲ.

ಅದೇ ಮೋಟಾರ್‌ಗೆ ದೊಡ್ಡ ಪ್ರೊಪೆಲ್ಲರ್ ಹಾಕಿದರೆ ಆಗಲ್ವಾ ಅಂತ ನಿಮಗೆ ಅನ್ನಿಸಬಹುದು. ಇಲ್ಲಿ ನನಗಾದದ್ದು ಹೇಳುತ್ತೇನೆ. ನನ್ನ ಮೊದಲ ಎಲೆಕ್ಟ್ರಿಕ್ ಗ್ಲೈಡರ್‌ಗೆ 1400 ಕೆವಿಯ 2212 ಮೋಟಾರ್ ಇತ್ತು. ಅದಕ್ಕೆ 8×4 ಹಾಕಬೇಕಿತ್ತು. ಮಡಿಸುವಂಥದ್ದು 10×6 ಮಾತ್ರ ಸಿಕ್ಕಿತು ಅಂತ ಅದನ್ನೇ ಹಾಕಿದೆ. ರಾಗಿ ಕೊಯ್ದ ಹೊಲದಲ್ಲಿ ಮೊದಲ ಏರಿಕೆ ಅದ್ಭುತವಾಗಿತ್ತು. ಎರಡನೇ ಏರಿಕೆಯಲ್ಲಿ ಅರ್ಧಕ್ಕೇ ಮೋಟಾರ್ ನಿಂತಿತು. ಇಳಿಸಿ ನೋಡಿದರೆ ತಂತಿಯ ವಾರ್ನಿಷ್ ಕಪ್ಪಾಗಿತ್ತು, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ: 30 ಆಂಪಿಯರ್ ದಾಟಿತ್ತು, ಮೋಟಾರ್ ತಡೆಯುವುದರ ಎರಡು ಪಟ್ಟು. ಪ್ರೊಪೆಲ್ಲರ್‌ಗೆ ಬೇಕಾದ ಶಕ್ತಿ ಸುತ್ತಿನ ವೇಗದ ಮೂರನೇ ಘಾತದಲ್ಲಿ ಬೆಳೆಯುತ್ತದೆ, ಅಗಲದ ನಾಲ್ಕನೇ ಘಾತದಲ್ಲಿ. ಸುತ್ತು ಅಷ್ಟೇ ಇದ್ದು, 10 ಇಂಚನ್ನು 11 ಮಾಡಿದರೂ ಶಕ್ತಿ ಒಂದೂವರೆ ಪಟ್ಟಿನ ಹತ್ತಿರ ಬರುತ್ತದೆ. ಒಂದಿಂಚು ತಾನೆ ಅಂತ ಬಿಡುವ ಹಾಗಿಲ್ಲ.

ಹಾಗಾಗಿ ನನ್ನ ಸಲಹೆ 2216 ಅಳತೆಯ, 880 ಅಥವಾ 900 ಕೆವಿಯ ಔಟ್‌ರನ್ನರ್, ಅಂದರೆ ಹೊರ ಡಬ್ಬಿ ತಿರುಗುವ ಬ್ರಷ್‌ಲೆಸ್ ಮೋಟಾರ್. ಇಲ್ಲಿ 22 ಅಂದರೆ ಒಳಗಿನ ತಿರುಗದ ಭಾಗದ, ಅಂದರೆ ಸ್ಟೇಟರ್‌ನ, ಅಗಲ ಮಿಲಿಮೀಟರ್‌ನಲ್ಲಿ, 16 ಅಂದರೆ ಅದರ ಎತ್ತರ. ಕೆಲವು ತಯಾರಕರು ಹೊರಗಿನ ಡಬ್ಬಿಯ ಅಳತೆ ಬರೆಯುತ್ತಾರೆ, ಅದಕ್ಕೇ ಸಂಖ್ಯೆ ನಂಬಿ ಮೋಸ ಹೋಗದೆ ತೂಕ ಕೇಳಿ. ಎಲ್ಲೆಡೆ ಸಿಗುವ 2212, 1000 ಕೆವಿ ಇದೆಯಲ್ಲ, 50 ಗ್ರಾಂ ಚಿಲ್ಲರೆಯದು, ಅದರಲ್ಲೂ ಹಾರಿಸಬಹುದು. ಆದರೆ 10×6 ಅದಕ್ಕೆ ಭಾರ. 9 ಇಂಚಿನದು ಹಾಕಿ, ಏರಿಕೆ ಸ್ವಲ್ಪ ನಿಧಾನವಾದರೂ ಪರವಾಗಿಲ್ಲ ಅಂದುಕೊಳ್ಳಬೇಕು. ತಾಳೆ ನೋಡಲು ಒಂದು ಉದಾಹರಣೆ: ಹೆಸರಾದ ಫೋಮ್ ಗ್ಲೈಡರ್ ರೇಡಿಯನ್ ಕೂಡ 2 ಮೀಟರ್‌ನದೇ. ಅದರಲ್ಲಿ ಬರುವುದು 960 ಕೆವಿ ಮೋಟಾರ್, 9.75×7.5 ಮಡಿಸುವ ಪ್ರೊಪೆಲ್ಲರ್, 3 ಸೆಲ್ 1300 ಬ್ಯಾಟರಿ. ನಮ್ಮ ಲೆಕ್ಕದ ಹತ್ತಿರವೇ ಇದೆ ಅಲ್ವಾ?

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಮೂಗಿನ ಸೀಸ ತೆಗೆಯಿರಿ. ಮೋಟಾರ್ ಮತ್ತು ಪ್ರೊಪೆಲ್ಲರ್‌ನಷ್ಟು, ಅಂದರೆ 100 ಗ್ರಾಂ ಮರಳನ್ನು ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೂಗಿನ ತುದಿಗೆ ಟೇಪ್ ಹಾಕಿ ಅಂಟಿಸಿ. ಬ್ಯಾಟರಿಗೆ ಇನ್ನೊಂದು 115 ಗ್ರಾಂ ಚೀಲ ಮಾಡಿ, ಒಳಗೆ ಹಿಂದೆ ಮುಂದೆ ಸರಿಸಿ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟಾಗ ಪ್ಲಾನ್‌ನಲ್ಲಿ ಗುರುತಿಸಿದ ಜಾಗದಲ್ಲೇ ಸಮವಾಗಿ ನಿಲ್ಲಬೇಕು. ಬ್ಯಾಟರಿ ಎಲ್ಲಿ ಕೂರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಎಷ್ಟೋ ಜನ ಅತಿ ಹಗುರದ ಮೋಟಾರ್ ಹುಡುಕಿ ತಂದು, ಆಮೇಲೆ ಮೂಗಿಗೆ ಮತ್ತೆ ಸೀಸ ಹಾಕುತ್ತಾರೆ. ಹೇಗೂ ಅಲ್ಲಿ ತೂಕ ಬೇಕು ಅಂದಮೇಲೆ ಅದು ತಾಮ್ರ ಮತ್ತು ಮ್ಯಾಗ್ನೆಟ್ ರೂಪದಲ್ಲಿರಲಿ. ಮೋಟಾರ್ ತಣ್ಣಗಿರುತ್ತದೆ.

ಮೂಗಿನ ಒಳ ಅಗಲವನ್ನೂ ಅಳೆಯಿರಿ. ಔಟ್‌ರನ್ನರ್‌ನ ಹೊರ ಡಬ್ಬಿಯೇ ತಿರುಗುತ್ತದೆ. ಸುತ್ತ ಎರಡು ಮಿಲಿಮೀಟರ್ ಆದರೂ ಜಾಗ ಬೇಕು, ತಂತಿಗಳನ್ನು ಪಕ್ಕಕ್ಕೆ ಕಟ್ಟಬೇಕು. ಗಾಳಿ ಒಳಗೆ ಬರಲು ತೂತು ಬೇಕು, ಹೊರಗೆ ಹೋಗಲು ಅದಕ್ಕಿಂತ ದೊಡ್ಡ ತೂತು ಬೇಕು. ಮೋಟಾರ್ ಕೂರಿಸುವ ಪ್ಲೈವುಡ್ 3 ಮಿಲಿಮೀಟರ್ ಇರಲಿ, ಎರಡು ಮೂರು ಡಿಗ್ರಿ ಕೆಳಕ್ಕೆ ಬಾಗಿಸಿ ಅಂಟಿಸಿ. ಇಲ್ಲದಿದ್ದರೆ ಥ್ರಾಟಲ್ ಕೊಟ್ಟ ಕೂಡಲೇ ಗ್ಲೈಡರ್ ಮೂಗೆತ್ತಿ ನಿಂತುಬಿಡುತ್ತದೆ. ಮೋಟಾರ್‌ನ ದಂಡ 3.17 ಮಿಲಿಮೀಟರಾ 4 ಮಿಲಿಮೀಟರಾ ನೋಡಿಕೊಂಡು ಸ್ಪಿನ್ನರ್ ತಗೊಳ್ಳಿ.

ಇಎಸ್‌ಸಿ 30 ಆಂಪಿಯರ್‌ನದು ಸಾಕು. ಅದರಲ್ಲಿ ಬ್ರೇಕ್ ಅನ್ನುವ ಆಯ್ಕೆ ಇರುತ್ತದೆ, ಸಾಮಾನ್ಯವಾಗಿ ಹೊಸದರಲ್ಲಿ ಬಂದ್ ಆಗಿರುತ್ತದೆ. ಅದನ್ನು ಆನ್ ಮಾಡಲೇಬೇಕು. ಇಲ್ಲದಿದ್ದರೆ ಥ್ರಾಟಲ್ ಇಳಿಸಿದ ಮೇಲೂ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಲೇ ಇರುತ್ತದೆ, ಮಡಚಿಕೊಳ್ಳುವುದಿಲ್ಲ. ತಿರುಗುವ ಪ್ರೊಪೆಲ್ಲರ್ ಬಿಚ್ಚಿದ ಕೊಡೆಯ ಹಾಗೆ ಹಿಂದಕ್ಕೆ ಎಳೆಯುತ್ತದೆ. ನೀವು ಇಷ್ಟು ದಿನ ಕಷ್ಟಪಟ್ಟು ನಯ ಮಾಡಿದ ರೆಕ್ಕೆಯ ಗುಣವೆಲ್ಲ ಅಲ್ಲೇ ಹೋಗುತ್ತದೆ.

ಕೊನೆಗೆ ಒಂದು ವ್ಯಾಟ್ ಮೀಟರ್ ತಗೊಳ್ಳಿ, ಅಥವಾ ಗೆಳೆಯರಿಂದ ಇಸ್ಕೊಳ್ಳಿ. ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಜೋಡಿಸಿ. ಒಬ್ಬರು ಗ್ಲೈಡರ್ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಪ್ರೊಪೆಲ್ಲರ್ ಮುಂದೆಯಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು, ಅದರ ಮಡಿಸುವ ಅಲಗುಗಳು ಕಿತ್ತು ಬಂದರೆ ಪಕ್ಕಕ್ಕೇ ಹಾರುತ್ತವೆ. ತುಂಬಿದ ಬ್ಯಾಟರಿಯಲ್ಲಿ 10 ಸೆಕೆಂಡ್ ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. 14ರಿಂದ 17 ಆಂಪಿಯರ್ ಒಳಗಿದ್ದರೆ ಸರಿಯಾಗಿದೆ. 20 ದಾಟಿದರೆ ಪ್ರೊಪೆಲ್ಲರ್ ಚಿಕ್ಕದು ಮಾಡಿ. ಬೆಂಗಳೂರು, ತುಮಕೂರು ಕಡೆ ನಾವು ಸಮುದ್ರಮಟ್ಟಕ್ಕಿಂತ 800, 900 ಮೀಟರ್ ಮೇಲಿದ್ದೇವೆ, ಗಾಳಿ ತೆಳು. ಇದೇ ಗ್ಲೈಡರನ್ನು ಮಂಗಳೂರಿಗೆ ಒಯ್ದರೆ ಕರೆಂಟ್ ಸ್ವಲ್ಪ ಏರುತ್ತದೆ, ಅಷ್ಟು ಜಾಗ ಬಿಟ್ಟಿರಿ.

15 ಆಂಪಿಯರ್ ಲೆಕ್ಕದಲ್ಲಿ 1300 ಬ್ಯಾಟರಿಯ ಐದರಲ್ಲಿ ನಾಲ್ಕು ಭಾಗ ಬಳಸಿದರೆ ಮೋಟಾರ್ ನಾಲ್ಕು ನಿಮಿಷ ಓಡುತ್ತದೆ. 20 ಸೆಕೆಂಡಿನಂತೆ 12 ಏರಿಕೆ. ಬಿಸಿಗಾಳಿ ಒಂದೂ ಸಿಗದಿದ್ದರೂ ಪ್ರತಿ ಏರಿಕೆಗೆ ಮೂರು ನಿಮಿಷದ ತೇಲಾಟ ಖಂಡಿತ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆ ಮೇಲೆ ಒಣ ಹೊಲದ ಕಡೆ ಹೋಗಿ. ರೆಕ್ಕೆ ಬಡಿಯದೆ ಸುತ್ತುತ್ತಿರುವ ಹದ್ದು ಕಂಡರೆ ಅದರ ಕೆಳಗೆ ಮಿತಿಯೊಳಗೇ ಏರಿಸಿ, ಮೋಟಾರ್ ನಿಲ್ಲಿಸಿ, ಸುತ್ತಲು ಬಿಡಿ.

ಮೂಗಿನ ಒಳ ಅಗಲ ಎಷ್ಟಿದೆ, ಮರಳು ಚೀಲ ಇಟ್ಟಾಗ ಬ್ಯಾಟರಿ ಎಲ್ಲಿ ಬಂತು ಅಂತ ಬರೆಯಿರಿ. ಸ್ಪಿನ್ನರ್ 38 ಮಿಲಿಮೀಟರ್‌ದು ಬೇಕಾ 40ರದ್ದು ಬೇಕಾ ಅಂತ ಆಗ ಹೇಳುತ್ತೇನೆ.